ಅವ್ವ ಎಳ್ಳು ಸುಡುತ್ತಿದ್ದ ದಿನಗಳು

ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂಬ ನಿಯಮ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಅವರ ಮನೆ ಬಾಗಿಲಿಗೇ ಹೋಗಿ, ಆ ಪಾತ್ರೆಯನ್ನು ಹೊತ್ತು ತಿರುಗುವವರ ಗತಿ ಏನೆಂದು ಒಂದು ಗಳಿಗೆಯಾದರೂ ಯೋಚಿಸಿದ್ದಿರಾ ಎಂದು ಕೇಳಿ ಬರುತ್ತಿದ್ದೆ. ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ಹಾಗೆ ತಿರುಗುತ್ತಿದ್ದವಳು ನಾನು. ಎದುರು ಮನೆಯ ನರಸಮ್ಮ ಗಟ್ಟು ಎಂಬ ಊರಿನ ಕಡೆಯಿಂದ ಬಂದ ತೆಲುಗಿನವಳು. ಅವಳಿಗೆ ಅವ್ವ ಒಂದು ಬೋಗುಣಿ ಪುಂಡಿಪಲ್ಯ ಕಳಿಸಿದರೆ ಅದೇ ಬೋಗುಣಿಯಲ್ಲಿ ಅವರ ಹುಳಿಸಾರು, ಪುಲುಸು, ತುಂಬಿ ಬರುತ್ತಿತ್ತು. ಅಷ್ಟಕ್ಕೆ ಮುಗಿಯಬೇಕಲ್ಲ? ಮುಗಿಯುತ್ತಿರಲಿಲ್ಲ. ನಾವು ಕಳಿಸಿದ್ದಕ್ಕಿಂತ ಅವಳು ಕಳಿಸಿದ್ದು ಒಂದು ಸೌಟು ಹೆಚ್ಚಾಯಿತೆಂದು ಅವ್ವನಿಗೆ ಜೀವ ತಡೆಯುತ್ತಿರಲಿಲ್ಲ. ಮರುದಿನ ಜುಣಕ ಮಾಡಿ ಮತ್ತೆ ನನ್ನ ತಲೆಯ ಮೇಲೆ ಹೊರಿಸುತ್ತಿದ್ದಳು. ನಾನು ಆಟ ಬಿಟ್ಟು, ಪಾಠ ಬಿಟ್ಟು, ಬಿಸಿ ಬೋಗುಣಿಯನ್ನು ಲಂಗದಲ್ಲಿ ಹಿಡಿದುಕೊಂಡು ಓಣಿ ದಾಟುವುದು. ಲಂಗ ಸುಟ್ಟರೆ ಬೈಗುಳವೂ ನನಗೇ.

ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಪಡಸಾಲೆಯಲ್ಲಿ ಮಗ್ಗ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಅಪ್ಪ. ನಡುಮನೆಯಲ್ಲಿ ಹಗಲು ಹೊತ್ತೂ ಕತ್ತಲೆ. ಅಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಮಂಚದ ಮೇಲೆ ಕುಳಿತು ಯಾರು ಬಂದರು, ಯಾರು ಹೋದರು, ಯಾರ ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ಕಣ್ಣು ಕಾಣದಿದ್ದರೂ ಹೇಳುತ್ತಿದ್ದಳು. ಅದರಾಚೆ ಅಡುಗೆಮನೆ. ಹಿತ್ತಲಿನಲ್ಲಿ ಅಕ್ಕಪಕ್ಕದವರೂ ನೀರು ಸೇದುವ ಬಾವಿ, ಬಾವಿಯ ಆಚೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಜೈನಬ್ ಖಾಲಾನ ಮನೆ. ಚಿಕ್ಕಮ್ಮನಿಗೆ ಅವರ ಮಾತಿನಲ್ಲಿ ಖಾಲಾ, ನನಗೂ ಅವಳು ಖಾಲಾ. ಅವಳ ಗಂಡ ಇಮಾಮ ಸಾಹೇಬರು ನಿಜಾಮರ ಕಚೇರಿಯಲ್ಲಿ ಬರವಣಿಗೆಯ ಕೆಲಸದವರು. ನೂಲಿನ ಪರ್ಮಿಟ್ಟಿಗೆ ಉರ್ದುವಿನಲ್ಲಿ ಅರ್ಜಿ ಬರೆಯಬೇಕಾದಾಗಲೆಲ್ಲ ಓಣಿಯ ನೇಕಾರರು ಅವರ ಕಟ್ಟೆಗೆ ಹೋಗುತ್ತಿದ್ದರು. ಅವರ ಮಗಳು ರಜಿಯಾ ನನ್ನ ಓರಗೆಯವಳು. ಅವಳ ಬೆನ್ನಿಗೆ ಒಂದು ಸಣ್ಣ ಕೂಸು.

ಆ ಮನೆಯ ವಿಷಯದಲ್ಲಿ ಆಯಿಯದು ಒಂದು ಕಾನೂನು. ನಮ್ಮಿಂದ ಏನು ಬೇಕಾದರೂ ಹೋಗಬಹುದು, ಅಲ್ಲಿಂದ ಬೆಂದದ್ದು ಬರಕೂಡದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಅವಳ ಹಟಕ್ಕೆ ಎದುರಾಡುವವರಿಲ್ಲ. ಹಾಗಾಗಿ ಖಾಲಾ ನಮ್ಮ ಪಾತ್ರೆಗಳಲ್ಲಿ ಸಕ್ಕರೆ, ಖಜೂರ, ತೊಗರಿಬೇಳೆ ಹಾಕಿ ಕಳಿಸುತ್ತಿದ್ದಳು. ನಾನು ಮಾತ್ರ ಗೋಡೆ ಹಾರಿ ಹೋಗಿ ರಜಿಯಾಳ ಜೊತೆ ಅವಳ ತಟ್ಟೆಯಲ್ಲೇ ಉಂಡು, ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಖಾಲಾನ ಬದನೆಕಾಯಿ ಸಾಲನ್ ತಿಂದವರಿಗೆ ಯಾಕೆಂದು ಗೊತ್ತು. ಸಣ್ಣ ಬದನೆಕಾಯಿ, ತೊಟ್ಟು ಬಿಡಿಸದೆ ನಾಲ್ಕು ಸೀಳು, ಹುಣಸೆಹುಳಿಯಲ್ಲಿ ಬೆಂದು ಮೇಲೆಲ್ಲ ಎಣ್ಣೆ ತೇಲುತ್ತಿರಬೇಕು. ನಮ್ಮ ಎಣ್ಣೆಗಾಯಿಗೂ ಅದಕ್ಕೂ ದಾಯಾದಿ ಸಂಬಂಧ. ಆದರೂ ಅದರ ರುಚಿ ಇದಕ್ಕಿಲ್ಲ ಎಂದು ನಾನು ಒಮ್ಮೆ ಬಾಯಿ ತಪ್ಪಿ ಅಂದು, ಎಲ್ಲಿ ತಿಂದೆ ಎಂಬ ವಿಚಾರಣೆಗೆ ಗುರಿಯಾಗಿದ್ದೆ.

ಆಮೇಲೆ ಎಲ್ಲರೂ ಪೊಲೀಸ್ ಆಕ್ಷನ್ ಎಂದು ಕರೆದದ್ದು ನನ್ನ ಪಾಲಿಗೆ ಕೆಲವು ದಿನ ಬಾಗಿಲು ಹಾಕಿಕೊಂಡು ಕುಳಿತದ್ದು, ಅಷ್ಟೇ. ಮಕ್ತಲ್ ದಾರಿಯಲ್ಲಿ ಮಿಲಿಟರಿ ಲಾರಿಗಳು ಹೋದವಂತೆ. ನನ್ನನ್ನು ನೋಡಲು ಬಿಡಲಿಲ್ಲ. ನಿಜಾಮರ ಸರ್ಕಾರ ಹೋಯಿತು, ಇನ್ನು ಎಲ್ಲ ಸರಿಹೋಗುತ್ತದೆ ಎಂದು ಅಪ್ಪ ಹೇಳಿದ. ಬಾಗಿಲು ತೆಗೆದ ಮೇಲೆ ನೋಡಿದರೆ ಇಮಾಮ ಸಾಹೇಬರು ಇರಲಿಲ್ಲ. ನಿಜಾಮರ ಕಡೆಯವರೆಂದು ಯಾರೋ ಅವರ ಹೆಸರು ಹೇಳಿದ್ದರಂತೆ, ಕರೆದುಕೊಂಡು ಹೋದರಂತೆ, ಎಲ್ಲೋ ಜೈಲಿನಲ್ಲಿದ್ದಾರಂತೆ. ಎಲ್ಲವೂ ಅಂತೆ. ಅವರ ಕೈಯಿಂದ ಅರ್ಜಿ ಬರೆಸಿಕೊಂಡವರೇ ಕೆಲವರು ಆ ಮನೆಯ ಮುಂದೆ ಮುಖ ತಿರುಗಿಸಿಕೊಂಡು ಹೋಗತೊಡಗಿದರು. ನನ್ನ ಅಪ್ಪ ಮುಖ ತಿರುಗಿಸಲಿಲ್ಲ. ಮಗ್ಗದಿಂದ ಎದ್ದು ಹೋಗಿ ಒಂದು ಮಾತು ಕೇಳಲೂ ಇಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಖಾಲಾನ ಅಡುಗೆಮನೆಯಿಂದ ಹೊಗೆ ಏಳುವುದು ನಿಂತದ್ದನ್ನು ಮೊದಲು ಕಂಡವಳು ಅವ್ವ. ಕೂಡಲೇ ರೊಟ್ಟಿ, ಪಲ್ಯ, ಮೊಸರು ತುಂಬಿ ನನ್ನ ಕೈಗೆ ಕೊಟ್ಟಳು. ಅರ್ಧ ಗಳಿಗೆಯಲ್ಲಿ ರಜಿಯಾ ಅದನ್ನು ಹಾಗೆಯೇ, ಮೇಲೆ ಮುಚ್ಚಿದ ತಟ್ಟೆಯನ್ನೂ ತೆಗೆಯದೆ, ವಾಪಸು ತಂದಿಟ್ಟು ಹೋದಳು. ಮರುದಿನವೂ ಹಾಗೆಯೇ ಆಯಿತು. ನರಸಮ್ಮ ಕಳಿಸಿದ ಅನ್ನವೂ ಹಾಗೆಯೇ ತಿರುಗಿ ಬಂತು. ಅವ್ವ ಗೋಡೆಯ ಬಳಿ ಹೋಗಿ ನಿಂತು ಕೇಳಿದಳು. ಖಾಲಾ ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದಳು:

“ತಪ್ಪು ತಿಳೀಬ್ಯಾಡ್ರಿ ಅಕ್ಕಾ. ಬರ್ತನ ತಗೊಂಡ್ರ ತುಂಬಿ ಕಳಸಬೇಕು. ಏನ ಹಾಕಿ ಕಳಸಲಿ?”

“ಹಂಗ ಕಳಸು. ಯಾರ ಕೇಳ್ಯಾರ?”

“ಖಾಲಿ ಬರ್ತನ ನಮ್ಮ ಮನಿಯಿಂದ ಹೋಗಂಗಿಲ್ರಿ.”

ಹಾಳು ನಿಯಮ. ಮನೆಯಲ್ಲಿ ಹಿಟ್ಟಿಲ್ಲ, ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಮಕ್ಕಳ ಮುಖ ಬಾಡಿದೆ, ಈಕೆಗೆ ಪಾತ್ರೆಯ ಮರ್ಯಾದೆ. ಅವ್ವ ಆ ದಿನವಿಡೀ ಒಲೆಯ ಮುಂದೆ ಕುಳಿತು ಗೊಣಗಿದಳು. ಕೈಗೆ ಸಿಕ್ಕಿದ್ದನ್ನೆಲ್ಲ ಕುಕ್ಕಿದಳು, ಮಧ್ಯೆ ನಾನು ಸಿಕ್ಕರೆ ನನಗೂ ಒಂದು. ಮರುದಿನ ಬೆಳಿಗ್ಗೆ ನೀರು ಸೇದುವ ಹೊತ್ತಿಗೆ ಅವಳ ಮುಖ ಬೇರೆಯೇ ಆಗಿತ್ತು.

“ಜೈನಬೀ, ನಿನ್ನ ಬದನಿಕಾಯಿ ಸಾಲನ್ ನನಗ ಹೇಳಿಕೊಡು.”

“ಅದು ನಮ್ಮ ಅಮ್ಮೀಜಾನರದು ಅಕ್ಕಾ. ಯಾರಿಗೂ ಕೊಟ್ಟಿಲ್ಲ.”

“ಅದಕ್ಕ ಕೇಳಾಕತ್ತೀನಿ. ಬರ್ತನ ತುಂಬಾಕ ಅದು ಸಾಲದೇನು? ನೀ ಹೇಳು, ನಾ ಮಾಡಿ ಕಳಸ್ತೀನಿ. ರುಚಿ ನೋಡಿ ಏನ ತಪ್ಪಾಗೈತಿ ಅಂತ ನೀ ಹೇಳಿ ಕಳಸು. ನನ್ನ ಕೈಗಿ ಹತ್ತೋತನಕ ಪಾಠ.”

ಖಾಲಾ ಸೇದಿದ ಕೊಡವನ್ನು ಬಾವಿಯ ಕಟ್ಟೆಯ ಮೇಲಿಟ್ಟಳು. ಆಮೇಲೆ ಒಂದೊಂದಾಗಿ ಹೇಳಿದಳು. ಎಳ್ಳು, ಶೇಂಗಾ, ಒಣಕೊಬ್ಬರಿ ಮೂರನ್ನೂ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಹಾಕಿದರೆ ಶೇಂಗಾ ಹುರಿಯುವಷ್ಟರಲ್ಲಿ ಎಳ್ಳು ಸುಟ್ಟು ಕಹಿಯಾಗುತ್ತದೆ. ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಡಬೇಕು. ಹುಳಿ ಕುದಿದ ಮೇಲೆಯೇ ಕಾಯಿ ಬಿಡಬೇಕು. ನಾನು ಕೊಡ ಇಟ್ಟುಕೊಂಡು ಅಲ್ಲೇ ಕುಳಿತಿದ್ದೆ, ಒಂದೇ ಸಲಕ್ಕೆ ನನಗೆ ಬಾಯಿಪಾಠವಾಯಿತು. ಆಯಿ ಏನೆನ್ನುತ್ತಾಳೋ ಎಂದು ನನಗೆ ಕುತೂಹಲ. ಅವಳು ಒಳಗಿನಿಂದಲೇ ತೀರ್ಪು ಕೊಟ್ಟಳು:

“ಒಲಿ ನಮ್ಮದು, ಕೈ ನಮ್ಮದು. ಮಾತಿಗೇನ ಮುಟ್ಟುಚಟ್ಟ ಐತಿ? ಮಾಡ್ಲಿ ಬಿಡು.”

ಹೀಗೆ ಪಾಠ ಶುರುವಾಯಿತು, ನನ್ನ ಊಟ ಹಾಳಾಯಿತು. ಅವ್ವ ಮೊದಲ ದಿನವೇ ಎಳ್ಳು ಸುಟ್ಟಳು. ಶೇಂಗಾದ ಜೊತೆಗೇ ಸುರಿದು, ಕಪ್ಪಾಗುವ ತನಕ ಅತ್ತ ಇತ್ತ ನೋಡುತ್ತ ಕುಳಿತಳು. ಆ ಸಾಲನ್, ಅದರ ಜೊತೆ ನಾಲ್ಕು ಜನಕ್ಕೆ ಸಾಕಾಗುವಷ್ಟು ರೊಟ್ಟಿ, ಒಂದು ಗಟ್ಟಿ ಮೊಸರಿನ ಬಟ್ಟಲು. ರುಚಿ ನೋಡಲು ಮೊಸರೇಕೆ ಎಂದು ಕೇಳಿದೆ. ಬಾಯಿ ಮುಚ್ಚಿಕೊಂಡು ಹೋಗು ಎಂದಳು. ಮರುದಿನ ಖಾಲಾ ಪಾತ್ರೆಯ ಜೊತೆ ನನ್ನ ಬಾಯಲ್ಲಿ ಉತ್ತರ ಕಳಿಸಿದಳು: ಎಳ್ಳು ಬೇರೆ ಹುರಿಯಲು ಹೇಳು. ಅವ್ವ ಅಯ್ಯೋ ಮರೆತೆ ಎಂದು ಹಣೆ ಬಡಿದುಕೊಂಡಳು. ಆ ದಿನ ಎಳ್ಳನ್ನು ಬೇರೆಯೇ ಹುರಿದಳು, ಬೇರೆಯೇ ಸುಟ್ಟಳು. ಮೂರನೆಯ ದಿನ ಹುಳಿ ಕುದಿಯುವ ಮೊದಲೇ ಕಾಯಿ ಹಾಕಿದಳು. ನಾಲ್ಕನೆಯ ದಿನ ಮತ್ತೆ ಎಳ್ಳು. ವಾರ ಕಳೆಯಿತು, ಎರಡು ವಾರ ಕಳೆಯಿತು. ಎದುರು ಮನೆಯ ನರಸಮ್ಮನಿಗೂ ಈ ಹುಚ್ಚು ಹಿಡಿಯಿತು. ಅವಳು ಖಾಲಾನಿಂದ ಹುಳಿಬೇಳೆ ಕಲಿಯುತ್ತೇನೆಂದು ಕುಳಿತಳು, ದಿನವೂ ಹುಣಸೆಹಣ್ಣು ಹೆಚ್ಚು ಹಾಕಿ ಕೆಡಿಸಿದಳು. ಹುಣಸೆಹುಳಿಯಲ್ಲೇ ಹುಟ್ಟಿ ಬೆಳೆದ ನರಸಮ್ಮ. ಬಾವಿಯ ಬಳಿ ಅವಳೂ ಅವ್ವನೂ ಮಾತಾಡಿಕೊಳ್ಳುತ್ತಿದ್ದರು; ಅವಳ ಬಾಯಲ್ಲಿ ಅವ್ವ ವದಿನಾ, ಅತ್ತಿಗೆ:

“ಏಂದಿ ವದಿನಾ, ಬಂತಾ ನಿಂಗ?”

“ಎಲ್ಲಿ ಬರ್ತೈತಿ ನರಸಮ್ಮ, ಇವತ್ತೂ ಕೆಟ್ಟಿತು.”

ಇಷ್ಟು ಹೇಳಿ ನಗುತ್ತಿದ್ದರು. ನಗಲು ಏನಿದೆ ಇದರಲ್ಲಿ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಅವ್ವ ಎಂಥ ಅಡುಗೆಯವಳು ಎಂಬುದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಣ್ಣೆಗಾಯಿಗೆ ಎಳ್ಳು ಹುರಿಯದ ವಾರವಿರಲಿಲ್ಲ, ಒಂದು ಕಾಳು ಸೀದದ್ದನ್ನು ನಾನು ಕಂಡಿರಲಿಲ್ಲ. ಈಗ ದಿನಾ ಮಧ್ಯಾಹ್ನ ಅದೇ ಕಹಿ. ಉಳಿದದ್ದು ಸಂಜೆಗೂ ಅದೇ. ಅಪ್ಪ ತಲೆ ತಗ್ಗಿಸಿ ನುಂಗುತ್ತಿದ್ದ. ಆಯಿ ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸಿ, ಇವತ್ತು ನಿನ್ನೆಗಿಂತ ಅಡ್ಡಿಯಿಲ್ಲ ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ಬುದ್ಧಿ ಭ್ರಮಣೆಯಾಗಿದೆ, ನಾನೊಬ್ಬಳೇ ನೆಟ್ಟಗಿದ್ದೇನೆ ಎಂದುಕೊಂಡೆ. ಎಲ್ಲಕ್ಕಿಂತ ಹೆಚ್ಚು ರೇಗುತ್ತಿದ್ದುದು ರಜಿಯಾಳನ್ನು ನೋಡಿ. ಅವಳು ಆ ಸುಟ್ಟ ಸಾಲನ್ನನ್ನು ಬಟ್ಟಲು ನೆಕ್ಕಿ ತಿನ್ನುತ್ತಿದ್ದಳು. ನಿಮ್ಮ ಅಮ್ಮೀ ಕೈಯ ಅಡುಗೆ ತಿಂದ ನಾಲಗೆಗೆ ಇದು ಹೇಗೆ ಸೇರುತ್ತದೆ, ನಿನಗೆ ನಾಚಿಕೆಯಿಲ್ಲವೇ ಎಂದು ಕೇಳಿದೆ. ಅವಳು ಬಟ್ಟಲಿನಿಂದ ಮುಖ ಎತ್ತಲಿಲ್ಲ. ಹತ್ತು ವರ್ಷದ ಹುಡುಗಿಗೆ ಹಸಿವೆಂದರೆ ಏನೆಂದು ತಿಳಿಯುವುದಿಲ್ಲ ಎನ್ನುವವರು ಇದ್ದಾರೆ. ತಿಳಿಯುತ್ತದೆ. ರಜಿಯಾಳಿಗೂ ಹತ್ತೇ ವರ್ಷ. ನನಗೆ ತಿಳಿಯಲಿಲ್ಲ, ಏಕೆಂದರೆ ನನ್ನ ಹೊಟ್ಟೆ ತುಂಬಿತ್ತು.

ಒಂದು ಬೆಳಿಗ್ಗೆ ಓಣಿಯಲ್ಲಿ ಹಾಸು ಚಾಚಿದರು. ಸೀರೆಯ ಉದ್ದನೆಯ ಎಳೆಗಳನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ ಗಂಜಿ ಹಚ್ಚುವ ದಿನ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಗಂಜಿ ಒಣಗುವ ಮೊದಲೇ ಎಲ್ಲರೂ ಸೇರಿ ಕುಂಚ ಎಳೆಯಬೇಕು, ನಡುವೆ ಕೈಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಹಾಸು ಹಾಳು. ಅಪ್ಪ, ಅವ್ವ, ನರಸಮ್ಮ, ಅವಳ ಗಂಡ ಎಲ್ಲರೂ ಅಲ್ಲಿದ್ದರು. ಅಡುಗೆಮನೆಯಲ್ಲಿ ಬದನೆಕಾಯಿ ಇದ್ದವು. ಸಾಕಪ್ಪಾ ಸಾಕು ಈ ಪಾಠ ಎಂದು ನಾನು ಒಲೆ ಹೊತ್ತಿಸಿದೆ. ಎಳ್ಳು ಬೇರೆ, ಶೇಂಗಾ ಬೇರೆ, ಕೊಬ್ಬರಿ ಬೇರೆ. ಉಳ್ಳಾಗಡ್ಡಿ ಕೆಂಡದಲ್ಲಿ. ಅರೆಯುವಾಗ ಕೈ ಬಿದ್ದುಹೋಯಿತು, ಆದರೂ ಬಿಡಲಿಲ್ಲ. ಎಣ್ಣೆ ಮೇಲೆ ತೇಲಿ ಬಂದಾಗ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಅದೇ ರುಚಿ. ಬೋಗುಣಿ ತುಂಬಿಕೊಂಡು ಗೋಡೆ ದಾಟಿ ಓಡಿದೆ.

ಖಾಲಾ ಹೊಸಿಲ ಬಳಿ ಕುಳಿತು ಕೂಸಿನ ತಲೆ ಬಾಚುತ್ತಿದ್ದಳು. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಳು.

“ಎಳ್ಳು ಬ್ಯಾರೆ ಹುರದಿಯೇನು?”

“ಹೂಂ ಖಾಲಾ. ಕೆಂಪಾಗೋಕಿಂತ ಮೊದ್ಲ ಇಳಿಸೀನಿ. ಇದೇನ ದೊಡ್ಡ ವಿದ್ಯಾ? ನಮ್ಮವ್ವಗ ಬರಂಗಿಲ್ಲ ಅಂತ ತಿಳದೀರೇನು? ಎಣ್ಣಿಗಾಯಿಗಿ ಹುರಿಯುವಾಗ ಒಂದ ಕಾಳ ಸುಡಂಗಿಲ್ಲ. ನಿಮ್ಮ ಸಾಲನ್ ಅಂದ್ರ ಬೇಕಂತ ಸುಡತಾಳ. ನರಸಮ್ಮನೂ ಹಂಗ, ಬೇಕಂತ ಹುಳಿ ಸುರೀತಾಳ.”

“ಬೇಕಂತ?”

“ಮತ್ತ? ನಾ ಕಣ್ಣಾರೆ ನೋಡೀನಿ.”

ಅವಳು ನನ್ನ ಕೆನ್ನೆ ಮುಟ್ಟಿದಳು.

“ಶಾಭಾಸ್ ಬೇಟಿ. ನಿನಗ ಬಂತು. ಪಾಠ ಮುಗೀತು.”

ಹೊಗಳಿಕೆ ಎಂದುಕೊಂಡು ಕುಣಿಯುತ್ತ ಓಣಿಗೆ ಹೋಗಿ ಅವ್ವನ ಪಕ್ಕದಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ರಜಿಯಾ ಬಂದಳು. ಬೋಗುಣಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಿದ್ದರು. ಒಳಗೆ ಏನೂ ಇರಲಿಲ್ಲ, ಖಾಲಾ ತಿದ್ದಿ ಹೇಳಿ ಕಳಿಸಿದ ಮಾತೂ ಇರಲಿಲ್ಲ. ಅವ್ವ ಅದರೊಳಗೆ ನೋಡಿದಳು, ನನ್ನನ್ನು ನೋಡಿದಳು. ಗಂಜಿಯ ಕುಂಚವನ್ನು ಅಲ್ಲೇ ಬಿಟ್ಟು ಹೊರಟಳು. ಹಾಸು ಒಣಗುತ್ತೈತಿ ಎಂದು ಅಪ್ಪ ಕೂಗಿದರೂ ತಿರುಗಲಿಲ್ಲ. ನಾನು ಹಿಂದೆ ಓಡಿದೆ. ಖಾಲಾನ ಬಾಗಿಲಲ್ಲಿ ಅವ್ವ ಗಂಜಿಯ ಕೈಯಲ್ಲೇ ಚೌಕಟ್ಟು ಹಿಡಿದು ನಿಂತಿದ್ದಳು.

“ಹುಡುಗಿ ಮಾತ ಯಾಕ ಮನಸಿಗಿ ಹಚ್ಕೋತಿ? ಅದಕ್ಕ ಬುದ್ಧಿ ಇಲ್ಲ.”

“ಬುದ್ಧಿ ಐತಿ ಅಕ್ಕಾ. ಒಂದ ಸಲ ಹೇಳಿದ್ದಕ್ಕ ಕಲ್ತಾಳ. ನನ್ನ ಹತ್ರ ಇನ್ನ ಕೊಡಾಕ ಏನೂ ಉಳದಿಲ್ಲ.”

“ಕೊಡು ಅಂದವರ್ಯಾರು? ಉಣ್ಣು ಅಂದ್ರ ಉಣ್ಣಬಾರದಾ? ನೀ ಉಪಾಸ ಕುಂತ್ರ ನನಗ ತುತ್ತು ಇಳಿಯಂಗಿಲ್ಲ ಜೈನಬೀ. ಇಷ್ಟೂ ತಿಳಿಯಂಗಿಲ್ಲೇನು ನಿನಗ?”

“ತಿಳೀತೈತಿ. ಅದಕ್ಕ ಇಷ್ಟ ದಿನ ಕಹಿ ತಿಂದೀನಿ.”

ಅವಳಿಗೂ ಗೊತ್ತಿತ್ತು. ಅವ್ವನಿಗೆ ಗೊತ್ತಿತ್ತು, ನರಸಮ್ಮನಿಗೆ, ಅಪ್ಪನಿಗೆ, ಕಣ್ಣು ಕಾಣದ ಆಯಿಗೂ ಗೊತ್ತಿತ್ತು. ಗೊತ್ತಿದೆ ಎಂದು ಯಾರೂ ಬಾಯಿಬಿಡದ ತನಕ ಖಾಲಾ ಆ ಅನ್ನ ಉಣ್ಣಬಹುದಿತ್ತು. ನಾನು ಬಾಯಿಬಿಟ್ಟೆ. ಮನೆಗೆ ಬಂದ ಮೇಲೆ ಅವ್ವ ನನ್ನನ್ನು ಹೊಡೆಯಲಿಲ್ಲ. ಯಾಕೆ ಮೊದಲೇ ನನಗೆ ಹೇಳಲಿಲ್ಲ ಎಂದು ನಾನೇ ಅಳುತ್ತ ಜಗಳ ತೆಗೆದೆ.

“ನಿನ್ನ ಬಾಯಾಗ ಎಳ್ಳು ನೆನಿಯಂಗಿಲ್ಲ, ನಿನಗ ಹ್ಯಾಂಗ ಹೇಳಲಿ?” ಎಂದಳು.

ಈ ಉತ್ತರವನ್ನು ನಾನು ಇಂದಿಗೂ ಒಪ್ಪಿಲ್ಲ. ಒಂದು ಮಾತು ಹೇಳಿದ್ದರೆ ತಲೆ ಹೋದರೂ ಬಿಡುತ್ತಿರಲಿಲ್ಲ ಎಂದು ಅವಳ ಕೊನೆಗಾಲದವರೆಗೂ ವಾದಿಸಿದೆ. ಅವಳೂ ಸೋಲಲಿಲ್ಲ.

ನಾಲ್ಕು ದಿನ ಆ ಬಾಗಿಲು ತೆರೆಯಲಿಲ್ಲ. ಐದನೆಯ ದಿನ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗದ್ವಾಲದ ಅಣ್ಣನ ಮನೆಗೆ ಹೋಗುತ್ತೇನೆ ಎಂದು ಖಾಲಾ ಹೇಳಿದಳು. ಆ ಅಣ್ಣನ ಹೆಂಡತಿಯ ಬಾಯಿ ಎಂಥದೆಂದು ಅವಳೇ ಹಿಂದೆ ನಕ್ಕು ನಕ್ಕು ಹೇಳಿದ್ದಳು. ಅಂಥ ಮನೆಗೆ ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಟಿದ್ದಳು. ಅವ್ವ ಬುತ್ತಿ ಕಟ್ಟಿ ತಂದಳು. ಖಾಲಾ ಬುತ್ತಿಯ ಗಂಟನ್ನು ಎರಡೂ ಕೈಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು, ಅವ್ವನ ಕೈಗೇ ತಿರುಗಿ ಇಟ್ಟಳು. ರಜಿಯಾ ಅದನ್ನೇ ನೋಡುತ್ತಿದ್ದಳು. ಗಾಡಿ ಹೊರಟಿತು. ಅವ್ವ ಆ ಬುತ್ತಿಯನ್ನು ಬಿಚ್ಚಿ ಓಣಿಯ ದನದ ಮುಂದೆ ಇಟ್ಟು ಬಂದಳು. ಆಮೇಲೆ ಬದನೆಕಾಯಿ ಮನೆಗೆ ಬಂದಾಗಲೆಲ್ಲ ಅವಳು ಒಲೆಯ ಮುಂದಿನಿಂದ ಎದ್ದುಬಿಡುತ್ತಿದ್ದಳು.

“ಕಲ್ತಾಕಿ ನೀನು. ನೀನ ಮಾಡು.”

ಮಾಡಿದೆ. ಇದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು.

ಎಷ್ಟೋ ತಿಂಗಳ ಮೇಲೆ, ಒಂದು ಮಧ್ಯಾಹ್ನ, ನಾನು ಒಲೆಯ ಮುಂದೆ ಇದ್ದಾಗ ಪಡಸಾಲೆಯಲ್ಲಿ ಮಗ್ಗದ ಸದ್ದು ನಿಂತಿತು. ಇಣುಕಿ ನೋಡಿದರೆ ಇಮಾಮ ಸಾಹೇಬರು. ಗಡ್ಡ ಬೆಳ್ಳಗಾಗಿತ್ತು, ಅಂಗಿ ಬೇರೆ ಯಾರದ್ದೋ ಇದ್ದಂತೆ ಜೋಲುತ್ತಿತ್ತು. ಬಿಡುಗಡೆಯಾಗಿ ನೇರ ಬಂದಿದ್ದರು. ಅವರ ಮನೆಗೆ ಬೀಗ ನೋಡಿ ನಮ್ಮಲ್ಲಿಗೆ ಬಂದಿದ್ದರು. ಅಪ್ಪ ಏನು ಹೇಳಬಹುದಿತ್ತು? ದೂರದಿಂದ ಬಂದ ಮನುಷ್ಯನಿಗೆ ಉಣ್ಣುವ ಮೊದಲು ಕೆಟ್ಟ ಮಾತು ಹೇಳಬಾರದು. ಅಪ್ಪ ಇಷ್ಟೇ ಅಂದ:

“ಮೊದ್ಲ ಉಣ್ರಿ ಸಾಹೇಬ್ರ. ಆಮ್ಯಾಲ ಮಾತಾಡೋಣು.”

ಅವ್ವ ಒಳಗೆ ಬಂದು ನನ್ನ ಮುಖ ನೋಡದೆ ರೊಟ್ಟಿ ಬಡಿಸಿದಳು, ನಾನು ಮಾಡಿದ ಸಾಲನ್ನನ್ನೇ ಹಾಕಿದಳು, ತಟ್ಟೆ ತೆಗೆದುಕೊಂಡು ಹೋದಳು. ಬೇರೆ ಪಲ್ಯವಿರಲಿಲ್ಲ. ಪಡಸಾಲೆಯಲ್ಲಿ, ನಮ್ಮ ತಟ್ಟೆಯಲ್ಲಿ ಅವರು ಊಟಕ್ಕೆ ಕುಳಿತರೂ ಆಯಿ ಆ ದಿನ ತನ್ನ ಕಾನೂನಿನ ಮಾತು ತೆಗೆಯಲಿಲ್ಲ. ಮೊದಲ ತುತ್ತು ಬಾಯಿಗೆ ಹೋದಾಗ ಅವರ ದವಡೆ ನಿಂತಿತು. ಆಮೇಲೆ ಆ ಸೊರಗಿದ ಮುಖದ ತುಂಬ ನಗು ಬಂತು. ನಮ್ಮ ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದರು:

“ಜೈನಬ್, ಒಳಗ ಯಾಕ ಕುಂತಿ? ಹೊರಗ ಬಾ.”

ಅಪ್ಪ ಮಗ್ಗದ ಕಡೆ ನೋಡುತ್ತಿದ್ದ. ಅವ್ವ ನನ್ನತ್ತ ನೋಡಿ, ಹೋಗು ಎಂಬಂತೆ ತಲೆ ಆಡಿಸಿದಳು. ಮಸಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು ನಾನು ಎದ್ದು ಹೊರಗೆ ಬಂದು ಅವರ ಮುಂದೆ ನಿಂತೆ. ಅವರು ನಗುತ್ತಲೇ ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನ್ನ ಹಿಂದೆ ಬಾಗಿಲನ್ನು ನೋಡುತ್ತ ಕುಳಿತರು.